ಹನ್ನೊಂದು ಸಾವಿರದ ಏಳುನೂರೈವತ್ತು

ಮುಂಗಾಜಿನ ಹಿಂದೆ ರಟ್ಟು, ರಟ್ಟಿನ ಮೇಲೆ ಬೆಲೆ:
ಹನ್ನೊಂದು ಸಾವಿರದ ಏಳುನೂರೈವತ್ತು ಪೌಂಡು.
ಆ ಐವತ್ತು ಯಾಕೆಂದು ಕೇಳಲಿಲ್ಲ.
ಬಂದವನು ಮೊದಲು ಕಾಲಿಡಲೆಂದು
ಹೊಸ್ತಿಲಲ್ಲಿ ಹಾಸಿದ ಗೋಣಿತಾಟು ಅದು.

ನೀತ್ ಊರಿನ ರೈಲು ಕಮಾನಿನಡಿ ಶೆಡ್ಡು.
ತಲೆಯ ಮೇಲೆ ಸ್ವಾನ್ಸಿ ಗಾಡಿ ಹೋದಾಗೆಲ್ಲ
ಗೋಡೆಯ ಸ್ಪ್ಯಾನರುಗಳು ಸಣ್ಣಗೆ ಹಲ್ಲು ಕಡಿಯುತ್ತವೆ.
ಗೆತಿನ್ ಪ್ರೋಸರ್, ನಲವತ್ತಿರಬಹುದು,
ಉಗುರಿನಂಚಿಗೆ ಗ್ರೀಸಿನ ಕಾಡಿಗೆ,
ಹೊದಿಕೆ ಎಳೆದ.

ಟ್ರಯಂಫ್ ಡಾಲಮೈಟ್ ಸ್ಪ್ರಿಂಟ್, ಎಪ್ಪತ್ತಾರರದ್ದು.
ಒಮ್ಮೆ ಸಾಸಿವೆ ಹೂವಿನ ಹಳದಿ.
ಈಗ ಬೂದಿ,
ಮಳೆಗೆ ಮುಂಚಿನ ಕಡಲಿನ ಬೂದಿ.

ಸುತ್ತು ಬಂದೆ. ಪ್ರದಕ್ಷಿಣೆಯಲ್ಲ,
ದನ ಕೊಳ್ಳುವವನ ಸುತ್ತು.
ಹಲ್ಲು ನೋಡಿದೆ, ಗೊರಸು ನೋಡಿದೆ,
ಜೇಬಿನ ಅಯಸ್ಕಾಂತವನ್ನು ಎಡಗಾಲಿಯ ಮೇಲಿನ ತಗಡಿಗೆ ಹಚ್ಚಿದೆ: ಹಿಡಿಯಿತು.
ಬಲಗಾಲಿಗೆ ಹಚ್ಚಿದೆ: ಜಾರಿ ಬಿತ್ತು.
ಬಣ್ಣದಡಿ ಉಕ್ಕಿಲ್ಲ, ಬರೀ ಪುಟ್ಟಿ.
ಮನಸ್ಸಿನ ಪಾಟಿಯಲ್ಲಿ ಆರುನೂರು ಕಳೆದೆ.

ಬಾನೆಟ್ಟಿನ ಕೆಳಗೆ
ಓರೆಯಾಗಿ ಒರಗಿ, ಬೇಸಿಗೆಯ ಪ್ರತಿ ದಿಣ್ಣೆಯಲ್ಲೂ
ಕುದ್ದು ಕೂರುತ್ತಿದ್ದ ಆ ಮುಂಗೋಪಿ ಎಂಜಿನ್ನಿಲ್ಲ.
ಅದರ ಜಾಗದಲ್ಲಿ ರೋವರಿನ ಎಂಟು ಸಿಲಿಂಡರು,
ಬೇರೊಬ್ಬನ ಎದೆಯಿಂದ ತೆಗೆದ ಗುಂಡಿಗೆ.
“ನೂರ ತೊಂಬತ್ತು ಕುದುರೆ” ಎಂದ ಗೆತಿನ್,
ಒಂದೊಂದಕ್ಕೂ ತಾನೇ ಹೆಸರಿಟ್ಟವನ ಹಾಗೆ.

ಆಮೇಲೆ ಕಡತ ಬಿಚ್ಚಿದ. ರಸೀದಿಗಳು.
ಗೇರ್ ಬಾಕ್ಸು, ಬ್ರೇಕು, ಹಿಂದಿನ ಅಚ್ಚು,
ಬ್ರಿಸ್ಟಲಿನ ಯಾರೋ ಹೊಲಿದ ಸೀಟು.
“ಇಪ್ಪತ್ತೆರಡು ಸಾವಿರ ಸುರಿದಿದ್ದೇನೆ,
ಅರ್ಧಕ್ಕೆ ಕೊಡ್ತಿದ್ದೇನೆ, ನೋಡಿ.”
ಹೆತ್ತವರಿಗೆ ಹೆಗ್ಗಣ ಮುದ್ದು, ಅದನ್ನು ಹೇಳಲಿಲ್ಲ.
ಹೇಳಿದ್ದು ಇಷ್ಟೇ:
“ತಿಂದ ಹಿಂಡಿಯ ಲೆಕ್ಕ ತೋರಿಸಿ
ಯಾರೂ ಹೋರಿ ಮಾರೋದಿಲ್ಲ.”
ನಕ್ಕ.
ಆ ನಗುವಿನಲ್ಲಿ ಐವತ್ತು ಉದುರಿತು.

ಹುಟ್ಟಿದ ಹಾಗೇ ಇರಬೇಕೆನ್ನುವವನಿಗೆ ಇದು ಕೆಟ್ಟ ಗಾಡಿ.
ಬೆಟ್ಟದ ರಸ್ತೆಯಲ್ಲಿ ಬೆಳಗಾಗುವ ಮುಂಚೆ ಓಡಿಸುವವನಿಗೆ
ಇಂಥದ್ದು ಮತ್ತೊಂದಿಲ್ಲ.
ಇಬ್ಬರ ನಡುವೆ ಎಲ್ಲೋ ಬೆಲೆ ಕೂತಿರುತ್ತದೆ,
ದೀಪಕ್ಕೆ ಸಿಕ್ಕ ಮೊಲದ ಹಾಗೆ,
ಯಾವ ಕಡೆ ಹಾರೀತೋ.

ಇನ್ನೊಂದನ್ನೂ ಹೇಳಿರಲಿಲ್ಲ.
ಎಂಬತ್ತೊಂಬತ್ತರ ವರೆಗೆ ಈ ಗಾಡಿ ನನ್ನದು.
ನಾನೂರಕ್ಕೆ ಕೊಟ್ಟಿದ್ದೆ, ಕಣ್ಣು ಮಿಟುಕಿಸದೆ.
ನಂಬರ್ ಪ್ಲೇಟು ನೋಡಿಯೇ ಇಷ್ಟು ದೂರ ಬಂದದ್ದು.

ಚಾಲಕನ ಕಾಲಡಿಯ ಕಾರ್ಪೆಟ್ಟು ಎತ್ತಿದೆ.
ಇತ್ತು.
ಎರೆಹುಳ ಹರಿದ ಹಾಗೆ ಅಂಕುಡೊಂಕು ಬೆಸುಗೆ,
ಇಪ್ಪತ್ತನಾಲ್ಕು ವರ್ಷದ ನನ್ನ ಕೈ,
ಉಕ್ಕಿನ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ಕಡ ತಂದ ಯಂತ್ರದಲ್ಲಿ ಹಾಕಿದ್ದು.

“ಇದು ನೋಡು” ಎಂದಿತು ಬಾಯಿ, ನನಗಿಂತ ಮುಂಚೆ,
“ಕಸುಬು ಬಾರದವನ ಕೆಲಸ.
ಎಂಟುನೂರು ಇಳಿಸು.”

ಗೆತಿನ್ ಬಗ್ಗಿದ. ಹೆಬ್ಬೆರಳಿಂದ ಸವರಿದ.
“ಬಾಗಿಲಡಿಯ ತಗಡು ಎರಡು ಸಲ ಬದಲಾಯಿಸಿದೆ.
ನೆಲ ಮೂರು ಕಡೆ ಕತ್ತರಿಸಿ ಹೊಸದು ಹಾಕಿದೆ.
ಇದೊಂದು ತುಕ್ಕು ಹಿಡೀಲಿಲ್ಲ.
ಯಾವನೋ ಕುಡಿದು ಹಾಕಿದ್ದಾನೆ,
ಆದರೆ ಬೇಕಾದ್ದಕ್ಕಿಂತ ಎರಡು ಪಟ್ಟು ಹಾಕಿದ್ದಾನೆ.
ತೆಗೆಯೋಕೆ ಮನಸ್ಸು ಬರಲಿಲ್ಲ.”

ಕುಡಿದಿರಲಿಲ್ಲ.
ಚಳಿಯಿತ್ತು. ಎಡಗೈಯ ಗವಸು ಕಳೆದುಹೋಗಿತ್ತು.

ಮೇಲೆ ಗಾಡಿ ಹೋಯಿತು.
ಸ್ಪ್ಯಾನರುಗಳು ಸುಮ್ಮನಾಗುವವರೆಗೆ ಕಾದೆ.
“ಹನ್ನೊಂದು ಸಾವಿರದ ನೂರು” ಎಂದೆ.

ಅವನು ಬೆರಳು ಮಡಿಸಿದ, ಬಿಡಿಸಿದ.
“ಎಂಟುನೂರು ಕಳೀಲೇ ಇಲ್ವಲ್ಲ ನೀವು?”
“ಇಲ್ಲ.”
ಕಾರ್ಪೆಟ್ಟು ಕೆಳಗಿಳಿಸುತ್ತ ಕೇಳಿದ:
“ನಿಮಗೆ ಬೆಸುಗೆ ಕೆಲಸ ಬರುತ್ತಾ?”

“ಈಗ ಬರುತ್ತೆ” ಎಂದೆ.